ಓನರ್ ಆಂಟಿಯ ನಂಬರಿನಲ್ಲಿ ಹನ್ನೊಂದು ಮಕ್ಕಳು

ಬೇಸಿಗೆ ರಜೆಯ ವೇಳಾಪಟ್ಟಿ ಶುರುವಾದ ಸೋಮವಾರ ಬೆಳಿಗ್ಗೆ, ಎಂಟನೇ ಕ್ಲಾಸಿನ ಒಬ್ಬ ಹುಡುಗಿಯ ಹೆಸರು ನಮ್ಮ ಟ್ಯೂಷನ್ ಸೆಂಟರಿನ ಮೂರು ಕೋಣೆಗಳ ಹಾಜರಿ ಪಟ್ಟಿಯಲ್ಲೂ ಕಾಣಿಸಿಕೊಂಡಿತು. ಎಂಟರ ಗಣಿತದಲ್ಲಿ ಇರಬೇಕಾದವಳು ಒಂಬತ್ತರ ವಿಜ್ಞಾನದಲ್ಲೂ ಹತ್ತರ ಗಣಿತದಲ್ಲೂ ಇದ್ದಳು. ಅವಳನ್ನೇ ಕರೆದು ಮೊಬೈಲ್ ತೋರಿಸಿದೆ. ಕಣ್ಣರಳಿಸಿ ನೋಡಿ, "ಆಂಟಿ, ನಂಗೆ ಡಬಲ್ ಪ್ರಮೋಷನ್ನಾ?" ಎಂದಳು. ನಾನೂ ನಕ್ಕೆ. ಏನೋ ಸಣ್ಣ ತೊಂದರೆ, ಮನೆಗೆ ಹೋಗಿ ನೋಡೋಣ ಎಂದುಕೊಂಡೆ.

ನಮ್ಮದು ಪದ್ಮನಾಭನಗರದಲ್ಲಿ ಒಂದು ಮೆಡಿಕಲ್ ಅಂಗಡಿಯ ಮೇಲಿನ ಮಹಡಿ. ಪಾಠ ಸರ್ ಮಾಡುತ್ತಾರೆ, ಜೊತೆಗೆ ಇನ್ನಿಬ್ಬರು ಟೀಚರುಗಳು. ಆಫೀಸು ನನ್ನದು. ಯಾವ ಮಗು ಯಾವ ಬ್ಯಾಚು, ಯಾರಿಗೆ ಫೋನ್ ಮಾಡಬೇಕು, ಯಾರ ಅಮ್ಮ ಮಂಗಳವಾರ ಫೋನ್ ಎತ್ತುವುದಿಲ್ಲ, ಯಾರ ಅಪ್ಪನಿಗೆ ಸಂಜೆ ಆರರ ಮೇಲೆ ಮಾಡಿದರೇ ಒಳ್ಳೆಯದು, ಎಲ್ಲವನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಆಮೇಲೆ ಆ್ಯಪ್ ಬಂತು. ಯಡಿಯೂರು ಕೆರೆಯ ಪಕ್ಕದ ರಸ್ತೆಯಲ್ಲಿರುವ ಒಬ್ಬ ನಿವೃತ್ತ ಇಂಜಿನಿಯರ್ ಅದನ್ನು ಮಾಡಿ, ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದುವಂತೆ ತೆರೆದಿಟ್ಟಿದ್ದರು. ನಮ್ಮಂಥ ಐದಾರು ಸೆಂಟರುಗಳು ಅದನ್ನು ಬಳಸುತ್ತಿದ್ದವು. ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡು ವರ್ಷ ಪಾಠ ನೋಡಿ ನೋಡಿ ಕೋಡ್ ಬರೆಯಲು ಕಲಿತಿದ್ದ ನಾನು ಅದಕ್ಕೆ ಸಣ್ಣಪುಟ್ಟ ಕೆಲಸ ಮಾಡಿ ಕಳಿಸುತ್ತಿದ್ದೆ. ಮೊದಲು ಕನ್ನಡ ಲೇಬಲ್ಲುಗಳು, ಆಮೇಲೆ ಹುಟ್ಟಿದ ದಿನದ ಪಟ್ಟಿ. ನಾನು ಬರೆದದ್ದನ್ನು ಇಂಜಿನಿಯರ್ ಓದಿ, ಟಿಪ್ಪಣಿ ಹಾಕಿ, ಒಪ್ಪಿದರೆ ಮಾತ್ರ ಆ್ಯಪಿಗೆ ಸೇರುತ್ತಿತ್ತು.

ಹಿಂದಿನ ವಾರ ಸೇರಿದ್ದು ನನ್ನ ಮೊದಲ ದೊಡ್ಡ ಕೆಲಸ. ಎರಡು ವಿಷಯಕ್ಕೆ ಸೇರಿದ ಮಕ್ಕಳ ಹೆಸರು ಎರಡೆರಡು ಸಲ ದಾಖಲಾಗುತ್ತಿತ್ತು. ಅಂಥ ಜೋಡಿಗಳನ್ನು ಹುಡುಕಿ ಒಂದು ಮಾಡುವ ಬಟನ್ ಬರೆದಿದ್ದೆ. ಫೋನ್ ನಂಬರೂ ಹುಟ್ಟಿದ ದಿನವೂ ಒಂದೇ ಇದ್ದರೆ ಅದು ಒಂದೇ ಮಗು ಎಂಬುದು ನನ್ನ ಲೆಕ್ಕ. ಅಣ್ಣ ತಂಗಿಗೆ ನಂಬರ್ ಒಂದೇ ಇದ್ದರೂ ಹುಟ್ಟಿದ ದಿನ ಬೇರೆ ಇರುತ್ತದಲ್ಲ, ಅವರು ಬೇರೆ ಬೇರೆಯಾಗಿಯೇ ಉಳಿಯುತ್ತಾರೆ. ಅಷ್ಟು ಯೋಚನೆ ಮಾಡಿದ್ದೇನೆಂದು ಒಳಗೊಳಗೇ ಹೆಮ್ಮೆಯಿತ್ತು. ಭಾನುವಾರ ಮಧ್ಯಾಹ್ನ ಮೊದಲ ಎರಡು ಪುಟ ಪರೀಕ್ಷಿಸಿ, ಸರಿಯಾಗಿದೆ ಎನಿಸಿ, "ಎಲ್ಲವನ್ನೂ ಸೇರಿಸು" ಒತ್ತಿದ್ದೆ. ಅದಾದ ಮೇಲೇ ರಜೆಯ ವೇಳಾಪಟ್ಟಿಯ ಸಂದೇಶ ಎಲ್ಲರಿಗೂ ಹೋಗಿತ್ತು: ನಾಳೆಯಿಂದ ಸಂಜೆ ಕ್ಲಾಸು ಇಲ್ಲ, ಬೆಳಿಗ್ಗೆ ಮಾತ್ರ.

ಸೋಮವಾರ ಸಂಜೆ ಐದೂವರೆಗೆ ಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಾಗ ಫೋನ್ ಬಂತು. ಜರಗನಹಳ್ಳಿಯ ಓನರ್ ಆಂಟಿ.

"ಏನಮ್ಮಾ ಇದು? ಹತ್ತು ಮಕ್ಳು ನಿಮ್ ಷಟರ್ ಮುಂದೆ ನಿಂತವ್ರೆ, ಕೆಳಗಿನ ಅಂಗ್ಡಿಯಿಂದ ನಂಗ್ ಫೋನ್ ಮಾಡವ್ರೆ. ಬೀಗ ಹಾಕ್ಕೊಂಡು ಎಲ್ಲೋದ್ರಿ?"

"ಆಂಟಿ, ಇವತ್ತಿಂದ ಬೆಳಿಗ್ಗೆ ಕ್ಲಾಸು. ನಿನ್ನೆ ಮೆಸೇಜ್ ಬಂದಿರ್ಬೇಕಲ್ಲ ನಿಮ್ಗೆ?"

"ಬಂತು. ಒಂದೇ ಒಂದು ಬಂತು, ಮೂರನೇ ಮನೆ ಹುಡ್ಗಿ ಹೆಸ್ರಲ್ಲಿ. ಅವ್ಳಿಗೆ ಹೇಳ್ದೆ, ಅವ್ಳು ಬಂದ್ಲು. ಮಿಕ್ಕೋರ್ ಹೆಸ್ರೇ ಇಲ್ದೆ ನಾನ್ ಯಾರನ್ನ ಕೂಗ್ಲಿ?"

ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ಹತ್ತು ಮಕ್ಕಳು, ಎರಡು ಬಸ್ಸು ಬದಲಿಸಿ ಬಂದವರು. ಆಟೋ ಹಿಡಿದು ಸೆಂಟರಿಗೆ ಹೋದೆ. ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಕೆಳಗಿನ ಬೇಕರಿಯಿಂದ ಬನ್ನು ತಂದುಕೊಟ್ಟು, ಬಸ್ ಹತ್ತಿಸಿ ಕಳಿಸಿದೆ. ಹತ್ತನೇ ಕ್ಲಾಸಿನ ಒಬ್ಬಳು ಹೋಗುವಾಗ ತಿರುಗಿ, "ಆಂಟಿ, ನಮ್ ಹೆಸ್ರು ತೆಗ್ದುಬಿಟ್ರಾ?" ಎಂದು ಕೇಳಿದಳು. ಇಲ್ಲ ಎಂದೆ. ಆದರೆ ತೆಗೆದಿದ್ದೆ.

ಒಳಗೆ ಹೋಗಿ ಹಳೆಯ ನೋಟ್‌ಬುಕ್ ತೆರೆದೆ. ಹನ್ನೊಂದು ಹೆಸರುಗಳ ಮುಂದೆ ನನ್ನದೇ ಅಕ್ಷರದಲ್ಲಿ "ಓ.ಆಂ." ಎಂದಿತ್ತು. ಓನರ್ ಆಂಟಿ.

ಜರಗನಹಳ್ಳಿಯಲ್ಲಿ ಆಂಟಿಯವರ ಹೊಲವಿದ್ದ ಜಾಗದಲ್ಲಿ ಈಗ ಸಾಲುಮನೆಗಳ ವಠಾರ. ಬಾಡಿಗೆಗಿರುವವರು ಡ್ರೈವರುಗಳು, ಅಪಾರ್ಟ್‌ಮೆಂಟುಗಳಲ್ಲಿ ಮನೆಕೆಲಸ ಮಾಡುವವರು, ಗಾರ್ಮೆಂಟ್ಸಿಗೆ ಹೋಗುವವರು. ಬೆಳಿಗ್ಗೆ ಹೊರಟರೆ ಬರುವುದು ಕತ್ತಲಾದ ಮೇಲೆ. ಕೆಲಸದ ಜಾಗದಲ್ಲಿ ಫೋನ್ ಮುಟ್ಟುವಂತಿಲ್ಲ. ಆಫರ್ ಮುಗಿದರೆ ಸಿಮ್ಮೇ ಬದಲಾಗುತ್ತದೆ. ಹಾಗಾಗಿ ಶಾಲೆಗೆ, ಗ್ಯಾಸಿಗೆ, ಆಸ್ಪತ್ರೆಗೆ ಎಲ್ಲರೂ ಕೊಡುವುದು ಓನರ್ ಆಂಟಿಯ ನಂಬರು. ಆಂಟಿ ಅಂಗಳದ ಕಲ್ಲಿನ ಮೇಲೆ ನಿಂತು ಒಂದು ಸಲ ಕೂಗಿದರೆ ಸುದ್ದಿ ತಲುಪಿತೆಂದೇ ಅರ್ಥ. ಅವರ ಮೊಮ್ಮಗ ನಮ್ಮಲ್ಲಿ ಓದಿ ಗಣಿತದಲ್ಲಿ ಪಾಸಾದ ಮೇಲೆ, ವಠಾರದ ಮಕ್ಕಳನ್ನೆಲ್ಲ ಒಂದೇ ದಿನ ಕರೆತಂದು ಅವರೇ ಸೇರಿಸಿದ್ದರು. ಹುಟ್ಟಿದ ದಿನ ಕೇಳಿದಾಗ, "ಅವ್ರಮ್ಮಂದ್ರನ್ನ ಕೇಳ್ಬೇಕು, ಆಮೇಲ್ ಬರ್ಕೊಳಿ" ಅಂದಿದ್ದರು. ಆ ಆಮೇಲೆ ಬರಲೇ ಇಲ್ಲ. ಹನ್ನೊಂದೂ ಮಕ್ಕಳ ಹುಟ್ಟಿದ ದಿನದ ಕಾಲಂ ಖಾಲಿ. ಖಾಲಿಯೂ ಖಾಲಿಯೂ ಒಂದೇ ಎಂದು ನನ್ನ ಕೋಡ್ ತಿಳಿದುಕೊಂಡಿತು. ಮೊದಲು ದಾಖಲಾದ ಆ ಎಂಟನೇ ಕ್ಲಾಸಿನ ಹುಡುಗಿಯ ಹೆಸರಿಗೆ ಮಿಕ್ಕ ಹತ್ತು ಮಂದಿಯನ್ನೂ ಸೇರಿಸಿಬಿಟ್ಟಿತು.

ಸಿಟ್ಟು ಬಂದದ್ದು ಕೋಡಿನ ಮೇಲಲ್ಲ. ಅಷ್ಟು ಜೋಪಾನವಾಗಿ ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಒಮ್ಮೆಯೂ ತೆರೆಯದೆ ಕೋಡ್ ಬರೆದೆನಲ್ಲ ಎಂದು.

ಮರುದಿನ ಬೆಳಿಗ್ಗೆ ಸರ್‌ಗೆ ನಡೆದದ್ದನ್ನೆಲ್ಲ ಹೇಳಿದೆ. ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು. ಬೈಯಲಿಲ್ಲ, ಬೈದಿದ್ದರೆ ಸುಲಭವಿತ್ತು.

"ಮೇಡಂ, ಜೂನ್ ಮೊದಲ್ನೇ ಸೋಮವಾರ ಹೊಸ ಬ್ಯಾಚು. ಅಷ್ಟರಲ್ಲಿ ಇದು ಸರಿಹೋಗ್ಲಿಲ್ಲ ಅಂದ್ರೆ, ಆಗಾಗ ಫೋನ್ ಮಾಡ್ತಾರಲ್ಲ, ಆ ಕಂಪ್ನಿಯವ್ರ ಸಾಫ್ಟ್‌ವೇರ್ ಹಾಕ್ಸಿಬಿಡ್ತೀನಿ. ಅದ್ರಲ್ಲಿ ಒಂದ್ ಮಗುಗೆ ಒಂದ್ ನಂಬರು, ಕ್ಲೀನಾಗಿದೆ."

"ವಠಾರದ ಮಕ್ಳು ಸಾರ್?"

"ಸ್ವಂತ ನಂಬರ್ ತರ್ಲಿ. ತರದೇ ಇದ್ರೆ ಹೇಗ್ ಸೇರ್ಸ್ಕೊಳ್ಲಿ, ನೀವೇ ಹೇಳಿ. ಮತ್ತೆ ಮೆಟ್ಟಿಲ ಮೇಲೆ ಕೂರ್ಸೋದಾ?"

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಆರು ವಾರದಲ್ಲಿ ದಾರಿ ಹುಡುಕದಿದ್ದರೆ ಆ ಹನ್ನೊಂದು ಮಕ್ಕಳಿಗೆ ನಮ್ಮಲ್ಲಿ ಬೆಂಚಿಲ್ಲ.

ಮೊದಲ ದಿನದ ಕೆಲಸ ಸುಲಭದ್ದು. ಪ್ರತಿದಿನ ಉಳಿಸಿಡುತ್ತಿದ್ದ ಹಳೆಯ ಪ್ರತಿಯಿಂದ ಹತ್ತೂ ಮಕ್ಕಳನ್ನು ವಾಪಸ್ ತಂದೆ. ಹುಟ್ಟಿದ ದಿನ ಖಾಲಿಯಿದ್ದರೆ ಸೇರಿಸಬೇಡ ಎಂಬ ಒಂದು ಸಾಲು ಬರೆದೆ. "ಎಲ್ಲವನ್ನೂ ಸೇರಿಸು" ಬಟನ್ನನ್ನೇ ಕಿತ್ತುಹಾಕಿದೆ. ಇಂಜಿನಿಯರ್ ಅದೇ ಮಧ್ಯಾಹ್ನ ಒಪ್ಪಿದರು. ಆದರೂ ಮುಗಿಯಲಿಲ್ಲ. ಒಂದು ನಂಬರಿಗೆ ಒಂದೇ ಸಲ ಸಂದೇಶ ಕಳಿಸಬೇಕೆಂಬ ನಿಯಮ ಆ್ಯಪಿನಲ್ಲಿ ಮೊದಲಿಂದಲೂ ಇತ್ತು. ಇಷ್ಟು ದಿನ ಆಂಟಿಗೆ ನಾನೇ ಫೋನ್ ಮಾಡಿ ಹೇಳುತ್ತಿದ್ದರಿಂದ ಅದು ಗಮನಕ್ಕೆ ಬಂದಿರಲಿಲ್ಲ, ಈ ಸಲವೇ ಆ್ಯಪನ್ನು ನಂಬಿ ಸುಮ್ಮನಿದ್ದೆ. ಹನ್ನೊಂದು ಮಕ್ಕಳು ಬೇರೆ ಬೇರೆಯಾದರೂ ಆಂಟಿಗೆ ಹೋಗುವುದು ಮೊದಲನೆಯವಳ ಹೆಸರಿನ ಸಂದೇಶವೊಂದೇ.

ಇಂಜಿನಿಯರ್ ಫೋನಿನಲ್ಲಿ ಹೇಳಿದರು: "ಮೇಡಂ, ಸಿಂಪಲ್ಲು. ಪ್ರತಿ ಮಗುಗೂ ಬೇರೆ ನಂಬರ್ ಇಸ್ಕೊಳ್ಳಿ. ಡೇಟಾ ಸರಿಯಿಲ್ಲ ಅಂತ ಸಾಫ್ಟ್‌ವೇರ್ ಸೊಟ್ಟ ಮಾಡಕ್ಕಾಗುತ್ತಾ?"

ಅವರ ಮಾತೂ ನ್ಯಾಯವೇ ಎನಿಸಿತು. ಭಾನುವಾರ ಬಸ್ ಹತ್ತಿ ಜರಗನಹಳ್ಳಿಗೆ ಹೋದೆ. ಮನೆಮನೆಗೆ ಹೋಗಿ ನಂಬರ್ ಬರೆದುಕೊಂಡೆ. ಯಾರೂ ಇಲ್ಲ ಎನ್ನಲಿಲ್ಲ. ಆಂಟಿ ಮಾತ್ರ ಕಲ್ಲಿನ ಮೇಲೆ ಕೂತು ಅಕ್ಕಿ ಆರಿಸುತ್ತ ನನ್ನನ್ನೇ ನೋಡುತ್ತಿದ್ದರು.

"ಯಾಕಮ್ಮಾ, ನನ್ ನಂಬರ್ ಏನ್ ಮಾಡ್ತು ನಿಮ್ಗೆ? ಫೋನ್ ಎತ್ತಲಿಲ್ವಾ ಯಾವತ್ತಾದ್ರೂ?"

"ಹಾಗಲ್ಲ ಆಂಟಿ, ಆ್ಯಪಿಗೆ..."

"ಆ್ಯಪಿಗೆ ನನ್ ಕಂಡ್ರಾಗಲ್ವೇನೋ. ಬರ್ಕೊಳಿ, ಬರ್ಕೊಳಿ."

ಕಾಫಿ ಕೊಟ್ಟರು. ಕಾಫಿ ಬಿಸಿಯಾಗಿತ್ತು, ಮಾತು ತಣ್ಣಗಿತ್ತು.

ಹತ್ತು ದಿನ ಬಿಟ್ಟು, ಸುಮ್ಮನೆ ನೋಡೋಣವೆಂದು ಆ ಹನ್ನೊಂದು ನಂಬರಿಗೂ ಒಂದು ಪರೀಕ್ಷಾ ಸಂದೇಶ ಕಳಿಸಿದೆ: ಓದಿದವರು ದಯವಿಟ್ಟು ಮಿಸ್ಡ್ ಕಾಲ್ ಕೊಡಿ. ಮೂರು ಬಂದವು. ಉಳಿದವಕ್ಕೆ ನಾನೇ ಫೋನ್ ಮಾಡಿದೆ. ನಾಲ್ಕು ಸ್ವಿಚ್ಡ್ ಆಫ್, ಎರಡು ಚಾಲ್ತಿಯಲ್ಲಿಲ್ಲ. ಒಬ್ಬರು ಬಸ್ಸಿನ ಗದ್ದಲದಲ್ಲಿ "ಯಾವ ಟ್ಯೂಷನ್ನು?" ಎಂದರು. ಕೊನೆಯ ನಂಬರು ಈಗ ಮಂಡ್ಯದ ಯಾರದೋ ಆಗಿತ್ತು. ಅದೇ ದಿನ ಪುಸ್ತಕ ಬದಲಾದ ವಿಷಯವನ್ನು ಆಂಟಿಗೆ ಫೋನಿನಲ್ಲಿ ಹೇಳಿದ್ದೆ. ಮರುದಿನ ಹನ್ನೊಂದೂ ಮಕ್ಕಳ ಕೈಯಲ್ಲಿ ಹೊಸ ಪುಸ್ತಕ.

ಆ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ನೋಟ್‌ಬುಕ್ಕನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಸರಿಯಿಲ್ಲದ್ದು ಡೇಟಾ ಅಲ್ಲ. ಆಂಟಿಯ ನಂಬರು ಯಾವತ್ತೂ ಕೈಕೊಟ್ಟದ್ದಿಲ್ಲ. ಫೋನ್ ನಂಬರ್ ಅಂದರೆ ಮಗುವಿನ ಒಂದು ಅಂಗವೆಂಬಂತೆ ಆ್ಯಪ್ ಅದನ್ನು ಮಗುವಿನ ಸಾಲಿನಲ್ಲೇ ಬರೆದಿಟ್ಟಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಅದು ಬೇರೊಬ್ಬ ಮನುಷ್ಯರ ಗುರುತು. ಆ ಮನುಷ್ಯರಿಗೇ ಆ್ಯಪಿನಲ್ಲಿ ಒಂದು ಜಾಗ ಮಾಡಬೇಕು. ಮಕ್ಕಳನ್ನು ಬದಲಾಯಿಸುವ ಗೊಡವೆ ಬೇಡ, ಆ್ಯಪನ್ನೇ ಬದಲಾಯಿಸುತ್ತೇನೆ ಎಂದು ನಿರ್ಧರಿಸಿದೆ. ಜೂನಿಗೆ ಇನ್ನು ನಾಲ್ಕು ವಾರವಿತ್ತು.

ಮೊದಲು ಕಾಗದದ ಮೇಲೆ ಬರೆದೆ. ಮಕ್ಕಳದ್ದೊಂದು ಪಟ್ಟಿ, ಸಂಪರ್ಕದವರದ್ದು ಇನ್ನೊಂದು ಪಟ್ಟಿ, ನಡುವೆ ಇವೆರಡನ್ನೂ ಜೋಡಿಸುವ ಮೂರನೆಯದು. ಒಬ್ಬರಿಗೆ ಎಷ್ಟು ಮಕ್ಕಳಾದರೂ ಇರಬಹುದು, ಒಂದು ಮಗುವಿಗೆ ಮೊದಲನೆಯವರು, ಎರಡನೆಯವರು ಎಂದು ಸಾಲಾಗಿ ಎಷ್ಟು ಜನರಾದರೂ ಇರಬಹುದು. ಪ್ರತಿಯೊಬ್ಬರ ಹೆಸರಿನ ಕೆಳಗೆ ಒಂದು ಸಾಲು ಜಾಗ: ಯಾವಾಗ ಸಿಗುತ್ತಾರೆ. ಸಂದೇಶ ಒಬ್ಬರಿಗೆ ಒಂದೇ, ಅದರೊಳಗೆ ಅವರ ಎಲ್ಲ ಮಕ್ಕಳ ಹೆಸರು. ಪ್ರತಿ ಹೆಸರಿನ ಮುಂದೆ ಒಂದು ದೊಡ್ಡ ಹಸಿರು ಬಟನ್: "ಹೇಳಿದೆ". ಒತ್ತಿದರೆ ನನ್ನ ಪರದೆಯಲ್ಲಿ ಟಿಕ್ ಬೀಳಬೇಕು. ಎರಡು ಗಂಟೆಯಲ್ಲಿ ಟಿಕ್ ಬರದಿದ್ದರೆ ಆ ಮಗುವಿನ ಎರಡನೆಯ ಸಂಪರ್ಕಕ್ಕೆ ಸಂದೇಶ ತಾನಾಗಿ ಹೋಗಬೇಕು.

ಮಧ್ಯಾಹ್ನ ಎರಡರಿಂದ ಐದು ನನ್ನ ಬರೆಯುವ ಹೊತ್ತು. ಈ ಸಲ ನೋಟ್‌ಬುಕ್ಕನ್ನು ಮುಚ್ಚಲಿಲ್ಲ. ಅದರ ಒಂದೊಂದು ಸಾಲನ್ನೂ ಒಂದೊಂದು ಪರೀಕ್ಷೆಯಾಗಿ ಬರೆದೆ. ಅಜ್ಜಿಯ ನಂಬರಿನ ಮೂವರು ಮೊಮ್ಮಕ್ಕಳು, ಒಬ್ಬಳಿಗೆ ಇಬ್ಬರು ಚಿಕ್ಕಪ್ಪಂದಿರು, ಹುಟ್ಟಿದ ದಿನ ಗೊತ್ತಿಲ್ಲದ ಹನ್ನೊಂದು ಮಕ್ಕಳು. ಕೋಡ್ ತಿದ್ದಿದಾಗಲೆಲ್ಲ ಈ ಎಲ್ಲ ಪರೀಕ್ಷೆಯೂ ಓಡಬೇಕು, ಎಲ್ಲವೂ ಪಾಸಾಗಬೇಕು.

ಹಳೆಯ ದಾಖಲೆಗಳನ್ನು ಹೊಸ ಪಟ್ಟಿಗಳಿಗೆ ಸಾಗಿಸುವ ಕೆಲಸವನ್ನು ಒಂದು ನಕಲು ಪ್ರತಿಯ ಮೇಲೆ ಮಾಡಿನೋಡಿದೆ. ಹನ್ನೊಂದು ಮಕ್ಕಳಿಗೆ ಮೂವರು ಓನರ್ ಆಂಟಿಯರು ಹುಟ್ಟಿಕೊಂಡರು! ನಂಬರನ್ನು ಒಂದು ಕಡೆ ತೊಂಬತ್ತೊಂದು ಸೇರಿಸಿ, ಒಂದು ಕಡೆ ಮುಂದೆ ಸೊನ್ನೆ ಹಾಕಿ, ಇನ್ನೊಂದು ಕಡೆ ನಡುವೆ ಜಾಗ ಬಿಟ್ಟು ಬರೆದವಳು ನಾನೇ. ಕೊನೆಯ ಹತ್ತು ಅಂಕಿ ಮಾತ್ರ ಹೋಲಿಸುವಂತೆ ತಿದ್ದಿದೆ. ಆಂಟಿ ಒಬ್ಬರಾದರು.

ಇಷ್ಟನ್ನೂ ಕಳಿಸಿದ ಮೂರನೇ ದಿನ ಇಂಜಿನಿಯರರ ಉತ್ತರ ಬಂತು. ಟಿಪ್ಪಣಿಗಳು ಎರಡು ಪುಟ. ಕೊನೆಯಲ್ಲಿ, "ಮೇಡಂ, ಇದು ಆ್ಯಪಾ, ಮದುವೆ ಕಾಗದ ಹಂಚೋ ಪಟ್ಟಿಯಾ? ಒಬ್ಬ ಓನರ್‌ಗೋಸ್ಕರ ಅಡಿಪಾಯ ಅಗೆಯೋದು ಬೇಡ" ಎಂದು ಬರೆದು ತಿರಸ್ಕರಿಸಿದ್ದರು.

ಉತ್ತರ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಕೊನೆಗೆ ಫೋನ್ ಮಾಡಿ, "ಸಾರ್, ಭಾನುವಾರ ಒಂದ್ ಗಂಟೆ ಬಿಡುವಿದ್ಯಾ? ಜರಗನಹಳ್ಳಿಗೆ ಬನ್ನಿ" ಎಂದೆ.

ಬಂದರು. ಟೋಪಿ ಹಾಕಿಕೊಂಡು, ಕೈಯಲ್ಲಿ ನನ್ನ ಕೋಡಿನ ಪ್ರಿಂಟು ಹಿಡಿದುಕೊಂಡು. ಆಂಟಿ ಅವರನ್ನು ಮೇಲಿಂದ ಕೆಳಗೆ ನೋಡಿ, "ನೀವೇನಾ ಸಾಮಿ, ಹನ್ನೊಂದ್ ಮಕ್ಳನ್ನ ಒಂದ್ ಮಾಡಿದ್ದು?" ಎಂದು ಕೇಳಿಬಿಟ್ಟರು.

"ಅಲ್ಲ ಆಂಟಿ," ಎಂದೆ. "ನಾನು. ಅವ್ರು ಬರೀ ಓದಿದ್ದು."

"ಅಷ್ಟ್ ಓದಿನೂ ಗೊತ್ತಾಗ್ಲಿಲ್ವಾ?"

ಇಂಜಿನಿಯರ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ಆಂಟಿಯ ಫೋನ್ ಹೊಡೆದುಕೊಂಡಿತು. ಗ್ಯಾಸಿನವನು. ಆಂಟಿ ಎದ್ದು ಕಲ್ಲು ಹತ್ತಿ, "ಏಳನೇ ಮನೇ! ಸಿಲಿಂಡ್ರು ಹತ್ತು ನಿಮಿಷಕ್ಕೆ! ಐದನೇ ಮನೇ! ನಿಂದ್ ನಾಳೆ!" ಎಂದು ಕೂಗಿದರು. ಏಳನೇ ಮನೆಯಿಂದ "ಸರೀ ಆಂಟೀ" ಎಂದು ಬಂತು. ಐದನೆಯ ಮನೆಯಿಂದ ಏನೂ ಬರಲಿಲ್ಲ. ಆಂಟಿ ಕೆಳಗಿಳಿಯಲಿಲ್ಲ. "ಐದನೇ ಮನೇ!" ಇನ್ನೊಮ್ಮೆ. ಆಮೇಲೆ ಪಕ್ಕದ ಮನೆಯವರಿಗೆ ಹೇಳಿ, ಅವರಿಂದ "ಆಯ್ತು ಆಂಟಿ, ಹೇಳ್ತೀನಿ" ಎನ್ನಿಸಿಕೊಂಡೇ ಇಳಿದರು.

ಇಂಜಿನಿಯರ್ ಪ್ರಿಂಟಿನ ಹಾಳೆ ತಿರುವಿ, ಎರಡನೆಯ ಸಂಪರ್ಕಕ್ಕೆ ಸಂದೇಶ ಹೋಗುವ ಭಾಗ ಹುಡುಕಿದರು. ಸ್ವಲ್ಪ ಹೊತ್ತು ಓದಿದರು. "ಇದನ್ನೇ ಬರ್ದಿದ್ದೀರಲ್ರೀ" ಎಂದರು.

ವಾಪಸ್ ಬರುವಾಗ ಬಸ್‌ಸ್ಟಾಪಿನಲ್ಲಿ ನಿಂತೇ ಟಿಪ್ಪಣಿಗಳನ್ನು ಒಂದೊಂದಾಗಿ ಚರ್ಚಿಸಿದೆವು. ಎರಡು ಬಸ್ಸು ಬಿಟ್ಟೆವು. ಅರ್ಧ ಟಿಪ್ಪಣಿ ಅವರು ಕೈಬಿಟ್ಟರು, ಅರ್ಧ ನಾನು ಒಪ್ಪಿದೆ. ಸಂಬಂಧ ಆರಿಸುವ ಪಟ್ಟಿಯಲ್ಲಿ ಅಮ್ಮ, ಅಪ್ಪ, ಪೋಷಕರು ಎಂದಿತ್ತು. "ನೆರೆಹೊರೆ ಅಂತ ಹಾಕೋಣ" ಎಂದರು ಅವರು. ಆಂಟಿಗೆ ಅದು ಸಾಲದು ಎಂದು ನಾನು ಹಟ ಹಿಡಿದೆ. ಮೂರನೇ ಬಸ್ಸು ಹತ್ತುವಾಗ, "ಹಾಕ್ಕೊಳ್ಳಿ, ಓನರ್ ಆಂಟಿ ಅಂತಾನೇ ಹಾಕ್ಕೊಳ್ಳಿ" ಎಂದು ನಕ್ಕರು. ಮುಂದಿನ ವಾರ ನನ್ನ ಕೆಲಸ ಆ್ಯಪಿಗೆ ಸೇರಿತು. ನಮ್ಮ ಸೆಂಟರಿನ ದಾಖಲೆಗಳೂ ಒಂದೂ ತಪ್ಪದೆ ಹೊಸ ಪಟ್ಟಿಗಳಿಗೆ ಸಾಗಿದವು.

ಮೇ ಕೊನೆಯ ಶನಿವಾರ ಹನ್ನೊಂದು ಗಂಟೆಗೆ ಕಂಪನಿಯ ಪ್ರತಿನಿಧಿ ತನ್ನ ಸಾಫ್ಟ್‌ವೇರ್ ತೋರಿಸಲು ಬಂದ. ಇಸ್ತ್ರಿ ಮಾಡಿದ ಶರ್ಟು, ಚೆಂದದ ಮಾತು. ಅವನು ಇನ್ನೂ ಲ್ಯಾಪ್‌ಟಾಪ್ ತೆರೆಯುತ್ತಿರುವಾಗ ಕೆಳಗಿನ ಮೆಡಿಕಲ್ಲಿನವರು ಬಂದು, ನಾಳೆ ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೂ ಕರೆಂಟಿಲ್ಲವಂತೆ ಎಂದರು. ಭಾನುವಾರ ಹತ್ತಕ್ಕೆ ಎಲ್ಲ ಬ್ಯಾಚಿಗೂ ಟೆಸ್ಟ್ ಇತ್ತು. ಒಳಗಿನ ಕೋಣೆಗಳಿಗೆ ಕಿಟಕಿಯಿಲ್ಲ.

ಸರ್ ನನ್ನ ಕಡೆ ನೋಡಿದರು. "ಮೇಡಂ, ಟೆಸ್ಟ್ ಏಳು ಗಂಟೆಗೆ. ಎಲ್ರಿಗೂ ಗೊತ್ತಾಗ್ಬೇಕು. ಕಳ್ಸಿ, ನೋಡೇಬಿಡೋಣ."

ಕಳಿಸಿದೆ. ಪ್ರತಿನಿಧಿಯೂ ಕುರ್ಚಿ ಎಳೆದುಕೊಂಡು ನನ್ನ ಪರದೆ ನೋಡತೊಡಗಿದ. ಜಯನಗರದ ಅಮ್ಮಂದಿರ ಟಿಕ್‌ಗಳು ಮೊದಲು ಬಂದವು, ಆಮೇಲೆ ಬನಶಂಕರಿಯವು. ಆಂಟಿಯ ಹೆಸರಿನ ಕೆಳಗೆ ಹನ್ನೊಂದು ಖಾಲಿ ಚೌಕಗಳು. ಹನ್ನೆರಡಾಯಿತು. "ಅವ್ರಿಗೆ ಓದಕ್ಕೆ ಬರುತ್ತಾ?" ಎಂದು ಸರ್ ಕೇಳಿದರು. "ನಿಧಾನಕ್ಕೆ ಓದ್ತಾರೆ ಸಾರ್" ಎಂದೆ. ಹನ್ನೆರಡೂ ಹತ್ತಕ್ಕೆ ಒಂದು ಟಿಕ್. ನಂತರ ಎರಡು ಒಟ್ಟಿಗೆ. ಆಂಟಿ ಕಲ್ಲಿನ ಮೇಲೆ ನಿಂತಿರುವುದು, ಒಂದೊಂದು ಬಾಗಿಲಿನಿಂದಲೂ ಉತ್ತರ ಬಂದಾಗ ಬಟನ್ ಒತ್ತುವುದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಹತ್ತು ಟಿಕ್ ಆದ ಮೇಲೆ ನಿಂತಿತು. ಹನ್ನೊಂದನೆಯದು ಖಾಲಿಯೇ.

ಒಂದು ಗಂಟೆಗೆ ತಡೆಯಲಾರದೆ ಫೋನ್ ಮಾಡಿದೆ, ಎಲ್ಲರಿಗೂ ಕೇಳುವಂತೆ.

"ಆಂಟಿ, ಒಂಬತ್ತನೇ ಮನೆ ಹುಡುಗಂದು ಒತ್ತಿಲ್ವಲ್ಲ?"

"ಅವ್ನು ಕನಕಪುರಕ್ಕೆ ಅಜ್ಜಿ ಮನೆಗೋಗವ್ನೆ. ಮನೇಲಿ ಯಾರೂ ಇಲ್ಲ. ಹೇಳ್ದೆ ಹೆಂಗಮ್ಮಾ ಒತ್ಲಿ? ಹೇಳಿದೆ ಅಂತಲ್ವಾ ಬರ್ದಿರೋದು?"

ಸರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸಂದೇಶ ಕಳಿಸಿ ಸರಿಯಾಗಿ ಎರಡು ಗಂಟೆಯಾದಾಗ ಆ್ಯಪ್ ತಾನಾಗಿ ಎರಡನೆಯ ಸಂಪರ್ಕವನ್ನು ಹುಡುಕಿತು. ಹುಡುಗನ ಸೋದರಮಾವ, ಕನಕಪುರ. ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಎಂದೋ ಬರೆದಿಟ್ಟಿದ್ದ ನಂಬರು. ಒಂದು ಗಂಟೆ ಇಪ್ಪತ್ತೈದಕ್ಕೆ ಹನ್ನೊಂದನೆಯ ಟಿಕ್ ಬಿತ್ತು.

ಸರ್ ಪ್ರತಿನಿಧಿಯ ಕಡೆ ತಿರುಗಿ, "ನಿಮ್ದ್ರಲ್ಲಿ ಇದಿದ್ಯಾ?" ಎಂದರು.

"ಕೇಳಿ ಹೇಳ್ತೀನಿ ಸಾರ್" ಎಂದ ಅವನು. ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಹೊರಡುವಾಗ ನನ್ನ ಹತ್ತಿರ ಬಂದು, "ಮೇಡಂ, ಸಖತ್ತಾಗಿದೆ. ನೀವೇ ಬರ್ದಿದ್ದಾ?" ಎಂದು ಮೆಲ್ಲಗೆ ಕೇಳಿದ. ಹೌದಪ್ಪಾ ಎಂದೆ. ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ, ಆದರೆ ಜೋರಾಗಿಯೇ ಹೇಳಿದೆ.

ಸರ್ ಕುರ್ಚಿಯಿಂದ ಏಳುತ್ತ, "ವಠಾರದ ಮಕ್ಳ ಹೆಸ್ರು ಜೂನ್ ಬ್ಯಾಚಿಗೆ ಹಾಕ್ಬಿಡಿ ಮೇಡಂ" ಎಂದರು. ಹಾಕಿದೆ. ಆ ಸಂಜೆಯೇ ಬಿಟಿಎಂ ಲೇಔಟಿನ ಸೆಂಟರಿನವರು ಆ್ಯಪಿನ ಗುಂಪಿನಲ್ಲಿ ಬರೆದಿದ್ದರು: ಸಂಬಂಧದ ಪಟ್ಟಿಗೆ "ಅಂಗಡಿ ಅಣ್ಣ" ಎಂದೂ ಸೇರಿಸಬಹುದೇ? ಇಂಜಿನಿಯರ್ ನನಗಿಂತ ಮೊದಲೇ "ಸೇರಿಸೋಣ" ಎಂದು ಉತ್ತರ ಕೊಟ್ಟುಬಿಟ್ಟಿದ್ದರು.

ಭಾನುವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಷಟರ್ ಎತ್ತುವಾಗ ಮೆಟ್ಟಿಲ ಮೇಲೆ ಮಕ್ಕಳು ಸಾಲಾಗಿ ಕೂತಿದ್ದರು. ಕನಕಪುರದಿಂದ ಮೊದಲ ಬಸ್ಸಿಗೆ ಬಂದ ಹುಡುಗ ಬ್ಯಾಗಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ. ಮೂರು ಕೋಣೆಗೂ ಹೋಗಿ ನಾನೇ ಹಾಜರಿ ಕೂಗಿದೆ. ಎಂಟರಲ್ಲಿ ನಾಲ್ವರು, ಒಂಬತ್ತರಲ್ಲಿ ಮೂವರು, ಹತ್ತರಲ್ಲಿ ನಾಲ್ವರು, ವಠಾರದ ಹನ್ನೊಂದೂ ಹೆಸರಿಗೆ ಹನ್ನೊಂದು ಬೇರೆ ಬೇರೆ ಧ್ವನಿ ಬಂತು. ಆ ಎಂಟನೇ ಕ್ಲಾಸಿನ ಹುಡುಗಿ ತನ್ನ ಹೆಸರು ಬಂದಾಗ ಬೇಕೆಂದೇ ಎದ್ದು ನಿಂತು, "ಪ್ರೆಸೆಂಟ್ ಆಂಟಿ, ಇದೊಂದೇ ಕ್ಲಾಸಲ್ಲಿ" ಎಂದಳು.